ಹಳೇ ಮನೆ ಕೆಡವುವ ಮುನ್ನ: ಕರಾವಳಿಯ ಗುತ್ತು, ಚೌಕಿ ಮನೆಗಳ ದುರಸ್ತಿ ಬಗ್ಗೆ ತಿಳಿದಿರಬೇಕಾದ್ದು

ಉಡುಪಿ: ದೀಪಾವಳಿ ಕಳೆದು ಮಳೆ ಪೂರ್ತಿ ಬಿಟ್ಟ ಮೇಲೆ ಜಿಲ್ಲೆಯ ಹಳ್ಳಿಗಳಲ್ಲಿ ಎರಡು ಥರದ ಸದ್ದು ಶುರುವಾಗುತ್ತದೆ. ಒಂದು, ಮಾಡಿನಿಂದ ಹೆಂಚು ಇಳಿಸುವ ಸದ್ದು. ಇನ್ನೊಂದು, ಅಂಗಳಕ್ಕೆ ಬಂದ ಜೆಸಿಬಿಯ ಸದ್ದು. ಮೊದಲನೆಯದ್ದು ಕೇಳಿಸಿದರೆ ಆ ಮನೆ ಇನ್ನೊಂದಷ್ಟು ವರ್ಷ ಉಳಿಯಿತು ಅಂತ ಅರ್ಥ. ಎರಡನೆಯದ್ದು ಕೇಳಿಸಿದರೆ ಎರಡು ದಿನದಲ್ಲಿ ಎಲ್ಲ ಮುಗಿದಿರುತ್ತದೆ. ನೂರು ವರ್ಷ ನಿಂತ ಮುರಕಲ್ಲಿನ ಗೋಡೆ ಬೀಳಲು ಅರ್ಧ ದಿನ ಸಾಕು.

ಕೆಡವಬೇಕೋ, ಉಳಿಸಿಕೊಳ್ಳಬೇಕೋ ಎಂಬ ಪ್ರಶ್ನೆ ಈಗ ಜಿಲ್ಲೆಯ ಅನೇಕ ಕುಟುಂಬಗಳ ಎದುರಿಗಿದೆ. "ರಿಪೇರಿಗೆ ಹಾಕುವ ದುಡ್ಡಲ್ಲಿ ಹೊಸ ಮನೆಯೇ ಆಗ್ತದೆ" ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಕೆಲವು ಸಲ ಅದು ನಿಜ. ಬಹಳ ಸಲ ಅದು ಮನೆಯನ್ನು ಸರಿಯಾಗಿ ನೋಡದೆ ಹೇಳಿದ ಮಾತು. ಹಳೇ ಮನೆ ಯಾವುದರಿಂದ ನಿಂತಿದೆ, ಯಾವುದರಿಂದ ಕೆಡುತ್ತದೆ, ಯಾವ ಕೆಲಸ ಮೊದಲು, ಯಾವುದು ಆಮೇಲೆ, ಕಾಗದಪತ್ರದ ಕಥೆ ಏನು, ಇಷ್ಟು ಗೊತ್ತಿದ್ದರೆ ತೀರ್ಮಾನ ಸುಲಭ.

ಯಾವುದಕ್ಕೆ ಹಳೇ ಮನೆ ಅನ್ನುವುದು

ಕರಾವಳಿಯಲ್ಲಿ ಹಳೇ ಮನೆ ಅಂದರೆ ಒಂದೇ ಮಾದರಿಯಲ್ಲ. ಊರಿನ ಯಜಮಾನಿಕೆ ಇದ್ದ ಕುಟುಂಬಗಳ ಗುತ್ತು, ಬೀಡು, ಬರ್ಕೆಗಳು ಒಂದು ಬಗೆ. ಇವುಗಳಿಗೆ ಎದುರು ಚಾವಡಿ, ದಪ್ಪ ಮರದ ಕಂಬ, ದೈವದ ಕೋಣೆ, ಭತ್ತದ ಪತ್ತಾಯ, ಎದುರಿಗೆ ದೊಡ್ಡ ಅಂಗಳ, ಅಂಗಳದ ಆಚೆ ಪಡಿಪ್ಪಿರೆ ಇರುತ್ತದೆ. ನಡುವೆ ತೆರೆದ ಅಂಗಳ ಬಿಟ್ಟು ನಾಲ್ಕು ಸುತ್ತಿಗೂ ಕಟ್ಟಿದ ಚೌಕಿ ಮನೆಗಳು ಇನ್ನೊಂದು ಬಗೆ. ಕುಂದಾಪುರ ಕಡೆಯ ಬ್ರಾಹ್ಮಣ ಮನೆಗಳಲ್ಲೂ ಬಂಟರ ಮನೆಗಳಲ್ಲೂ ಈ ಮಾದರಿ ಕಾಣುತ್ತದೆ. ಪೇಟೆಗಳಲ್ಲಿ ರಸ್ತೆಗೆ ಮುಖ ಮಾಡಿ, ಕೆಳಗೆ ಅಂಗಡಿ ಮೇಲೆ ವಾಸ ಇರುವ ಕೊಂಕಣಿಗರ ಉದ್ದ ಮನೆಗಳಿವೆ. ಮಂಗಳೂರು ಕಡೆಗೆ ಹೋದರೆ ಕ್ರೈಸ್ತರ ಬಂಗಲೆಗಳು, ಕಡಲ ದಂಡೆಯ ಊರುಗಳಲ್ಲಿ ಬ್ಯಾರಿ ಮುಸ್ಲಿಮರ ಮಾಳಿಗೆ ಮನೆಗಳು. ಇವೆಲ್ಲದರ ಜತೆ ಮಣ್ಣಿನ ಗೋಡೆಯ, ಎರಡು ಕೋಣೆಯ ಸಣ್ಣ ಮನೆಗಳೂ ಇವೆ. ದೊಡ್ಡದು ಮಾತ್ರ ಪರಂಪರೆ, ಸಣ್ಣದು ಗುಡಿಸಲು ಎಂಬ ಲೆಕ್ಕ ಸರಿಯಲ್ಲ.

ನೋಡಲು ಬೇರೆ ಬೇರೆ ಇದ್ದರೂ ಕಟ್ಟಿದ ಸಾಮಾನು ಹೆಚ್ಚು ಕಡಿಮೆ ಒಂದೇ: ಮುರಕಲ್ಲು ಅಥವಾ ಮಣ್ಣು, ಸುಣ್ಣ, ಮರ, ಹೆಂಚು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಈ ನಾಲ್ಕನ್ನೇ ನಂಬಿ ಜನ ತಲೆಮಾರುಗಟ್ಟಲೆ ಬದುಕಿದ್ದಾರೆ. ಇಳಿಜಾರು ಮಾಡು, ಉದ್ದಕ್ಕೆ ಚಾಚಿದ ಸೂರು, ಎತ್ತರದ ಜಗಲಿ, ಎಲ್ಲವೂ ನೀರನ್ನು ಗೋಡೆಯಿಂದ ದೂರ ಇಡುವ ಉಪಾಯಗಳೇ.

ಮನೆಗಳು ಯಾಕೆ ಹಾಳಾದವು

ಮನೆ ಹಾಳಾಗಲು ಮಳೆ ಒಂದೇ ಕಾರಣ ಅಲ್ಲ. 1974ರ ಭೂಸುಧಾರಣೆ ಕಾಯ್ದೆ ತಿದ್ದುಪಡಿ ಬಂದ ಮೇಲೆ ಗೇಣಿ ಜಮೀನು ಉಳುವವರ ಪಾಲಾಯಿತು. ಉತ್ತವರಿಗೆ ಅದರಿಂದ ನ್ಯಾಯ ಸಿಕ್ಕಿತು. ಗೇಣಿ ಅಕ್ಕಿಯ ಆಧಾರದಲ್ಲಿ ನಡೆಯುತ್ತಿದ್ದ ದೊಡ್ಡ ಮನೆಗಳಿಗೆ ಮಾತ್ರ ವರ್ಷಾವಧಿ ದುರಸ್ತಿ ಮಾಡಿಸುವ ವರಮಾನ ನಿಂತಿತು. ಅದೇ ಹೊತ್ತಿಗೆ ಮನೆಯ ಮಕ್ಕಳು ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳ ದಾರಿ ಹಿಡಿದರು. ಮೂವತ್ತು ಜನ ಇದ್ದ ಮನೆಯಲ್ಲಿ ಇಬ್ಬರು ಮುದುಕರು ಉಳಿದರು.

ಜನ ಇಲ್ಲದ ಮನೆ ಬೇಗ ಕೆಡುತ್ತದೆ ಎಂಬುದು ನಂಬಿಕೆಯ ಮಾತಲ್ಲ, ಅದಕ್ಕೆ ಕಾರಣ ಇದೆ. ಒಲೆಯ ಹೊಗೆ ದಿನಾ ಅಟ್ಟಕ್ಕೆ ಏರಿ ಪಕಾಸು, ರೀಪುಗಳನ್ನು ಒಣಗಿಸಿ ಇಡುತ್ತಿತ್ತು. ಹೊಗೆಯ ಮಸಿ ಹಿಡಿದ ಮರಕ್ಕೆ ಹುಳ ಬೇಗ ಬರುವುದಿಲ್ಲ. ಗ್ಯಾಸ್ ಬಂತು, ಹೊಗೆ ನಿಂತಿತು, ಕುಟ್ಟೆ ಶುರುವಾಯಿತು. ಕಿಟಕಿ ಬಾಗಿಲು ಮುಚ್ಚಿದ್ದರೆ ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಒಂದು ಹೆಂಚು ಜಾರಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಹೆಂಚಿನ ತೂತಿನಿಂದ ಒಂದು ಮಳೆಗಾಲ ನೀರು ಇಳಿದರೆ ರೀಪು ಹೋಗುತ್ತದೆ, ಎರಡು ಮೂರು ಮಳೆಗಾಲಕ್ಕೆ ಪಕಾಸು, ಅಲ್ಲಿಂದ ಮುಂದೆ ತೊಲೆ, ಕೊನೆಗೆ ಗೋಡೆ. ಸಾವಿರ ರೂಪಾಯಿಯ ಕೆಲಸ ಲಕ್ಷಕ್ಕೆ ಏರುವುದು ಹೀಗೆ.

ಮೊದಲ ಕೆಲಸ: ನೋಡುವುದು, ಬರೆದಿಡುವುದು

ದುರಸ್ತಿ ಶುರುವಾಗಬೇಕಾದ್ದು ಮೇಸ್ತ್ರಿಯಿಂದಲ್ಲ, ಒಂದು ಪುಸ್ತಕ ಮತ್ತು ಮೊಬೈಲ್ ಕ್ಯಾಮೆರಾದಿಂದ. ಜೋರು ಮಳೆ ಬರುವ ಜೂನ್, ಜುಲೈ ತಿಂಗಳಲ್ಲಿ ಮನೆ ಪೂರ್ತಿ ಒಮ್ಮೆ ಸುತ್ತಿ ಎಲ್ಲಿ ಸೋರುತ್ತದೆ, ಯಾವ ಗೋಡೆಯ ಬುಡ ಒದ್ದೆ, ಅಂಗಳದ ನೀರು ಯಾವ ಕಡೆ ಹರಿಯುತ್ತದೆ ಅಂತ ಗುರುತು ಹಾಕಿಕೊಳ್ಳಬೇಕು. ಬೇಸಿಗೆಯಲ್ಲಿ ಬಂದು ನೋಡುವವರಿಗೆ ಇದು ಯಾವುದೂ ಕಾಣುವುದಿಲ್ಲ. ಮುಂಬಯಿಯಿಂದ ಮೇ ತಿಂಗಳಲ್ಲಿ ಮಾತ್ರ ಬರುವ ಕುಟುಂಬಗಳು ಅಂದಾಜು ತಪ್ಪುವುದು ಇಲ್ಲೇ.

ಪ್ರತಿ ಕೋಣೆಯ ನಾಲ್ಕೂ ಗೋಡೆ, ಮಾಡು, ನೆಲದ ಫೋಟೋ ಬೇಕು. ಒಂದು ಅಳತೆಯ ನಕ್ಷೆ ಬೇಕು. ಮರ ಗಟ್ಟಿ ಇದೆಯೋ ಇಲ್ಲವೋ ತಿಳಿಯಲು ದೊಡ್ಡ ಪರೀಕ್ಷೆ ಬೇಕಾಗಿಲ್ಲ. ಸಣ್ಣ ಸುತ್ತಿಗೆಯಲ್ಲಿ ಬಡಿದರೆ ಗಟ್ಟಿ ಮರ ಟಣ್ ಅನ್ನುತ್ತದೆ, ಒಳಗೆ ಟೊಳ್ಳಾದದ್ದು ಡಬ್ ಅನ್ನುತ್ತದೆ. ಚೂಪಾದ ಮೊಳೆ ಒತ್ತಿದಾಗ ಸಲೀಸಾಗಿ ಇಳಿದರೆ ಅಷ್ಟು ಭಾಗ ಹೋಗಿದೆ ಅಂತ ಲೆಕ್ಕ. ಮುಖ್ಯವಾಗಿ ನೋಡಬೇಕಾದ್ದು ಮರ ಗೋಡೆಯೊಳಗೆ ಹೋಗುವ ತುದಿಗಳನ್ನು. ನಡುವೆ ಕಬ್ಬಿಣದ ಹಾಗಿರುವ ತೊಲೆಯೂ ಗೋಡೆಯೊಳಗಿನ ಒಂದು ಅಡಿಯಲ್ಲಿ ಕೊಳೆತಿರಬಹುದು.

ಗೋಡೆಯ ಬಿರುಕು ಕಂಡ ಕೂಡಲೇ ಗಾಬರಿ ಬೇಡ. ಬಿರುಕಿಗೆ ಅಡ್ಡವಾಗಿ ಒಂದು ತುಂಡು ಗಾಜು ಅಂಟಿಸಿ ದಿನಾಂಕ ಬರೆದಿಡುವುದು ಹಳೇ ಕ್ರಮ. ಒಂದು ಮಳೆಗಾಲ ದಾಟಿದರೂ ಗಾಜು ಒಡೆಯದಿದ್ದರೆ ಅದು ಹಳೇ ಬಿರುಕು, ಸುಣ್ಣದ ಗಾರೆಯಲ್ಲಿ ತುಂಬಿದರೆ ಸಾಕು. ಗಾಜು ಒಡೆದರೆ ಅಡಿಪಾಯ ಇನ್ನೂ ಅಲುಗುತ್ತಿದೆ ಅಂತ. ಆಗ ಇಂಜಿನಿಯರ್ ಬೇಕೇ ಬೇಕು. ಗೋಡೆ ಹೊರಗೆ ಹೊಟ್ಟೆ ಬಂದಿದ್ದರೆ, ಮಾಡು ಒಂದು ಕಡೆಗೆ ವಾಲಿದ್ದರೆ ಕಾಯುವ ಹಾಗಿಲ್ಲ. ಅಂಥ ಭಾಗದಲ್ಲಿ ಮಲಗುವುದನ್ನು ಅವತ್ತೇ ನಿಲ್ಲಿಸಿ ಊರೆ ಕೊಡಬೇಕು.

ಮಾಡು: ದುಡ್ಡು ಕಡಿಮೆ ಇದ್ದರೆ ಇದೊಂದನ್ನೇ ಮಾಡಿ

ಇರುವ ದುಡ್ಡಲ್ಲಿ ಒಂದೇ ಕೆಲಸ ಸಾಧ್ಯ ಅಂತಿದ್ದರೆ ಅದು ಮಾಡಿನ ಕೆಲಸ. ಗೋಡೆಗೆ ಬಣ್ಣ, ನೆಲಕ್ಕೆ ಟೈಲ್ಸ್ ಎಲ್ಲ ಆಮೇಲೆ. ಮಾಡು ಸರಿ ಇದ್ದರೆ ಉಳಿದದ್ದು ಹತ್ತು ವರ್ಷ ಕಾಯುತ್ತದೆ.

ಕರಾವಳಿಯಲ್ಲಿ ಮೊದಲು ಇದ್ದದ್ದು ಮುಳಿಹುಲ್ಲು ಮತ್ತು ಕುಂಬಾರರ ನಾಡಹೆಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಯಂತ್ರದಿಂದ ಒತ್ತಿದ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವ ಈ ಹೆಂಚು ಮಂಗಳೂರು ಹೆಂಚು ಎಂದೇ ಪ್ರಸಿದ್ಧವಾಗಿ ಹೊರದೇಶಗಳಿಗೂ ಹೋಯಿತು. ಮೊದಲ ಮಹಾಯುದ್ಧದ ಬಳಿಕ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಬಂದವು. ಹೆಂಚಿನ ಹಿಂಬದಿ 1865 ಅಂತ ಅಚ್ಚು ಇರುವುದನ್ನು ಕಂಡು ಮನೆಯೇ 1865ರದ್ದು ಅಂತ ಹೇಳುವವರಿದ್ದಾರೆ. ಅದು ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷ ಅಲ್ಲ.

100 ಚದರ ಅಡಿ ಮಾಡಿಗೆ ಹೆಚ್ಚು ಕಡಿಮೆ 140ರಿಂದ 150 ಹೆಂಚು ಬೇಕಾಗುತ್ತದೆ. ಒಂದು ಹೆಂಚು ಎರಡೂವರೆ ಕಿಲೋ ಆಸುಪಾಸು ತೂಗುತ್ತದೆ. ಅಂದರೆ ಅಷ್ಟು ಜಾಗದ ಮೇಲೆ 350 ಕಿಲೋಗಿಂತ ಹೆಚ್ಚು ಭಾರ. ಆದ್ದರಿಂದ ಹೆಂಚು ಇಳಿಸುವಾಗಲೂ ಏರಿಸುವಾಗಲೂ ಎರಡೂ ಬದಿಯಲ್ಲಿ ಸಮ ಸಮ ಹೋಗಬೇಕು. ಒಂದು ಬದಿ ಪೂರ್ತಿ ಖಾಲಿ ಮಾಡಿ ಇನ್ನೊಂದು ಬದಿ ಹಾಗೇ ಬಿಟ್ಟರೆ ಹಳೇ ಮಾಡು ಒಂದು ಕಡೆಗೆ ಎಳೆಯುತ್ತದೆ.

ಹೆಂಚು ಕೈಯಾಡಿಸುವಾಗ ಹಳೇ ಹೆಂಚನ್ನು ಎಸೆಯಬಾರದು. ಪಾಚಿ ಹಿಡಿದು ಕಪ್ಪಾದರೂ ಬಡಿದಾಗ ಗಟ್ಟಿ ಸದ್ದು ಬಂದರೆ ಅದನ್ನು ಉಜ್ಜಿ ತೊಳೆದು ಮತ್ತೆ ಹಾಕಬಹುದು. ಬೇರೆ ಬೇರೆ ಕಾರ್ಖಾನೆಯ ಹೆಂಚಿನ ಕೊಂಡಿ ಬೇರೆ ಬೇರೆ. ಎರಡನ್ನೂ ಕಲಸಿದರೆ ಕೂರುವುದಿಲ್ಲ, ಸಂದಿನಲ್ಲಿ ನೀರು ಒಳಗೆ ಬರುತ್ತದೆ. ಕಡಿಮೆ ಬಿದ್ದರೆ ಎದುರಿನ ಮಾಡಿಗೆಲ್ಲ ಹಳೇ ಹೆಂಚು, ಹಿಂಬದಿಯ ಮಾಡಿಗೆ ಪೂರ್ತಿ ಹೊಸದು ಅಂತ ಬೇರೆ ಮಾಡಿಕೊಳ್ಳುವುದು ಜಾಣತನ. ರೀಪಿನ ಅಂತರವನ್ನು ಪುಸ್ತಕ ನೋಡಿ ಹೊಡೆಯದೆ, ಹಾಕುವ ಹೆಂಚನ್ನೇ ಇಟ್ಟು ಅಳೆದು ಹೊಡೆಯಬೇಕು.

ಚೌಕಿ ಮನೆಗಳಲ್ಲಿ ಹೆಚ್ಚು ತೊಂದರೆ ಕೊಡುವುದು ಎರಡು ಮಾಡು ಒಳಮುಖವಾಗಿ ಸೇರುವ ಮೂಲೆಗಳು. ಅಷ್ಟೂ ನೀರು ಅಲ್ಲಿ ಒಟ್ಟಾಗುತ್ತದೆ. ಮೂಲೆಯ ದಂಬೆ ತುಕ್ಕು ಹಿಡಿದಿದ್ದರೆ, ಎಲೆ ಕಸ ಕಟ್ಟಿದ್ದರೆ ನೀರು ಉಕ್ಕಿ ಮರದ ಮೇಲೆ ಬೀಳುತ್ತದೆ. ಇಲ್ಲಿ ಅಗ್ಗದ ತಗಡು ಬೇಡ. ಅಗಲವಾದ, ದಪ್ಪ ತಗಡು ಹಾಕಿ ವರ್ಷಕ್ಕೊಮ್ಮೆ ಕಸ ತೆಗೆಯುವ ವ್ಯವಸ್ಥೆ ಬೇಕು.

ದುರಸ್ತಿಗೆ ದುಡ್ಡು ಹೊಂದಿಸಲು ವರ್ಷಗಳು ಬೇಕು ಅಂತಾದರೆ, ಮಾಡಿನ ಮೇಲೆ ತಾತ್ಕಾಲಿಕವಾಗಿ ಶೀಟ್ ಅಥವಾ ಟಾರ್ಪಾಲ್ ಹೊದಿಸುವುದು ನಾಚಿಕೆಯ ಕೆಲಸ ಅಲ್ಲ. ಚೆಂದ ಕಾಣದಿದ್ದರೂ ಮನೆ ಉಳಿಯುತ್ತದೆ. ಗಾಳಿ ಆಡಲು ಎರಡು ತುದಿಯಲ್ಲಿ ಜಾಗ ಬಿಟ್ಟರೆ ಸಾಕು.

ಮರ: ಪೂರ್ತಿ ಬದಲಿಸಬೇಕಾಗಿಲ್ಲ

ಈ ಕಡೆಯ ಹಳೇ ಮನೆಗಳಲ್ಲಿ ಹಲಸು, ಸಾಗುವಾನಿ, ಕಿರಾಲ್‌ಬೋಗಿ, ಹೆಬ್ಬಲಸಿನ ಮರ ಇದೆ. ಇವತ್ತು ಆ ಗಾತ್ರದ, ಅಷ್ಟು ವಯಸ್ಸಿನ ಮರ ದುಡ್ಡು ಕೊಟ್ಟರೂ ಸಿಗುವುದು ಕಷ್ಟ. ತೊಲೆಯ ತುದಿ ಒಂದು ಅಡಿ ಕೊಳೆತಿದೆ ಅಂತ ಹದಿನೈದು ಅಡಿ ತೊಲೆಯನ್ನು ತೆಗೆದು ಕಬ್ಬಿಣದ ಪೈಪ್ ಹಾಕುವುದು ಸಾಮಾನ್ಯವಾಗಿ ನಡೆಯುತ್ತಿರುವ ತಪ್ಪು. ಗಟ್ಟಿ ಮರ ಸಿಗುವ ತನಕ ಕೊಳೆತ ತುದಿಯನ್ನು ಕತ್ತರಿಸಿ, ಅದೇ ಜಾತಿಯ ಒಣಗಿದ ಮರವನ್ನು ಓರೆ ಕಚ್ಚು ಕೊಟ್ಟು ಬೆಸೆಯಬಹುದು. ಹಳೇ ಕೆಲಸ ಬಲ್ಲ ಆಚಾರಿಗಳಿಗೆ ಈ ಜೋಡಣೆ ಗೊತ್ತು. ಭಾರ ಹೊರುವ ಜಾಗವಾದರೆ ಎರಡೂ ಬದಿಗೆ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟ್ ಬಿಗಿಯಬಹುದು. ಹಸಿ ಮರ ಮಾತ್ರ ಬೇಡ. ಅದು ಒಣಗುವಾಗ ಕುಗ್ಗಿ ಜೋಡಣೆ ಸಡಿಲವಾಗುತ್ತದೆ.

ಗೆದ್ದಲು, ಊರಲ್ಲಿ ಹೇಳುವ ಒರಳೆ, ಮಣ್ಣಿನಿಂದ ಬರುತ್ತದೆ. ಅದಕ್ಕೆ ತೇವ ಬೇಕು. ಗೋಡೆಯ ಬುಡ ಒಣಗಿದ್ದರೆ, ಗೋಡೆಗೆ ತಾಗಿ ಸೌದೆ, ತೆಂಗಿನ ಮಡಲು ರಾಶಿ ಹಾಕದಿದ್ದರೆ ಅರ್ಧ ಸಮಸ್ಯೆ ಹೋಯಿತು. ಮಣ್ಣಿಗೆ ಔಷಧ ಹಾಕಿಸುವುದಾದರೆ ಬಾವಿ ಎಷ್ಟು ಹತ್ತಿರ ಇದೆ ಅಂತ ನೋಡಿಯೇ ಹಾಕಿಸಬೇಕು. ಹಳೇ ಮನೆಯ ಬಾವಿ ಬಹಳ ಸಲ ಅಡುಗೆಮನೆಗೆ ತಾಗಿಯೇ ಇರುತ್ತದೆ. ಕುಟ್ಟೆ ಬೇರೆ, ಅದು ಒಣ ಮರದೊಳಗೇ ಇರುತ್ತದೆ. ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಅದರ ಗುರುತು. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರನ್ನು ಬಣ್ಣ, ವಾರ್ನಿಷ್ ಇಲ್ಲದ ಬರೀ ಮರಕ್ಕೆ ಎರಡು ಮೂರು ಸಲ ಹಚ್ಚಿದರೆ ಹಿಡಿತಕ್ಕೆ ಬರುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವುದು ಕರಾವಳಿಯ ಹಳೇ ಪದ್ಧತಿ, ದೋಣಿಗೂ ಹಚ್ಚುತ್ತಿದ್ದರು. ಚರ್ಮಕ್ಕೆ ತಾಗಿದರೆ ಸುಡುತ್ತದೆ, ಕೈಗವಸು ಇಲ್ಲದೆ ಮುಟ್ಟಬಾರದು.

ಕೆತ್ತನೆ ಕಂಬಗಳಿಗೆ ಹೊಳೆಯುವ ವಾರ್ನಿಷ್ ಬಳಿಯುವ ಆಸೆ ತಡೆದುಕೊಳ್ಳುವುದು ಒಳ್ಳೆಯದು. ಮೂಡುಬಿದಿರೆಯ ಚೌಟರ ಅರಮನೆಯ ಕಂಬಗಳಲ್ಲಿ ನವನಾರಿ ಕುಂಜರ, ಪಂಚನಾರಿ ತುರಗದ ಕೆತ್ತನೆ ನೋಡಿದವರಿಗೆ ಗೊತ್ತು, ಅಲ್ಲಿನ ಚೆಂದ ಇರುವುದು ಉಳಿಯ ಗೆರೆಯಲ್ಲಿ. ಬಣ್ಣ ಎರಡು ಕೋಟಿಂಗ್ ಆದರೆ ಆ ಗೆರೆ ಮುಚ್ಚಿಹೋಗುತ್ತದೆ.

ಗೋಡೆ: ಸಿಮೆಂಟ್ ಯಾಕೆ ಬೇಡ

ಹಳೇ ಮನೆಗೆ ಹೆಚ್ಚು ಹಾನಿ ಮಾಡಿದ್ದು ಒಳ್ಳೇ ಮನಸ್ಸಿನಿಂದ ಹಚ್ಚಿದ ಸಿಮೆಂಟ್. ಮುರಕಲ್ಲು ತೂತು ತೂತಿನ ಕಲ್ಲು. ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಬಿದ್ದು ಗಟ್ಟಿಯಾಗುವ ಕಲ್ಲು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಇದೇ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟ. ಇದು ಮಳೆಗಾಲದಲ್ಲಿ ನೀರು ಹೀರುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಮೇಲಿನ ಸುಣ್ಣದ ಗಾರೆಗೂ ಅದೇ ಗುಣ. ಹಾಗಾಗಿ ಗೋಡೆ ನೆನೆದರೂ ಒಣಗುತ್ತಿತ್ತು.

ಸಿಮೆಂಟ್ ಗಾರೆ ದಟ್ಟ. ಬುಡದಿಂದ ಏರಿದ ತೇವ, ಬಿರುಕಿನಿಂದ ಇಳಿದ ನೀರು ಅದರ ಹಿಂದೆ ಸಿಕ್ಕಿಹಾಕಿಕೊಳ್ಳುತ್ತದೆ. ತೇವದ ಜತೆ ಬಂದ ಉಪ್ಪು ಗಾರೆಯ ಹಿಂದೆ ಹರಳುಗಟ್ಟಿ ಕಲ್ಲಿನ ಮೈಯನ್ನು ಪುಡಿ ಮಾಡುತ್ತದೆ. ಕೆಲವು ವರ್ಷಕ್ಕೆ ಗಾರೆ ಹಲಗೆ ಹಲಗೆಯಾಗಿ ಬೀಳುತ್ತದೆ, ಬೀಳುವಾಗ ಕಲ್ಲಿನ ಸಿಪ್ಪೆಯನ್ನೂ ಕಿತ್ತುಕೊಂಡು ಬರುತ್ತದೆ. ಮಣ್ಣಿನ ಗೋಡೆಯಲ್ಲಿ ಇದು ಇನ್ನೂ ಬೇಗ. ಒಳಗಡೆ ಪ್ಲಾಸ್ಟಿಕ್ ಪೇಂಟ್, ವಾಟರ್‌ಪ್ರೂಫ್ ಕೋಟಿಂಗ್ ಹಚ್ಚಿದರೂ ಆಗುವುದು ಇದೇ. ತೇವದ ದಾರಿ ಬಂದ್ ಆಗುತ್ತದೆ, ಮೂಲ ಹಾಗೇ ಉಳಿಯುತ್ತದೆ.

ಸುಣ್ಣದ ಕೆಲಸಕ್ಕೆ ತಾಳ್ಮೆ ಬೇಕು, ಬೇರೇನೂ ಗುಟ್ಟಿಲ್ಲ. ಕರಾವಳಿಯಲ್ಲಿ ಮರುವಾಯಿಯಂಥ ಚಿಪ್ಪು ಸುಟ್ಟ ಸುಣ್ಣ ಬಳಕೆಯಲ್ಲಿತ್ತು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಜರಡಿ ಹಿಡಿದು, ಕನಿಷ್ಠ ಮೂರು ನಾಲ್ಕು ವಾರ ನೀರಿನಡಿ ಇಡಬೇಕು. ಹೆಚ್ಚು ದಿನ ಇಟ್ಟಷ್ಟೂ ಬೆಣ್ಣೆಯಂತಾಗುತ್ತದೆ. ಒಂದು ಪಾಲು ಈ ಸುಣ್ಣಕ್ಕೆ ಮೂರು ಪಾಲು ಉಪ್ಪಿಲ್ಲದ ಹೊಳೆ ಮರಳು ಸಾಮಾನ್ಯ ಲೆಕ್ಕ. ಒದ್ದೆ ಜಾಗಕ್ಕೆ ಸುಟ್ಟ ಇಟ್ಟಿಗೆ ಪುಡಿ ಸೇರಿಸುತ್ತಾರೆ. ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕುವ ಪದ್ಧತಿಯೂ ಇದೆ. ಗಾರೆಯನ್ನು ತೆಳ್ಳಗೆ, ಒಂದರ ಮೇಲೊಂದು ಪದರವಾಗಿ ಹಚ್ಚಿ, ಬೇಗ ಒಣಗದ ಹಾಗೆ ಒದ್ದೆ ಗೋಣಿ ಇಳಿಬಿಡಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. "ಬೇಗ ಸೆಟ್ ಆಗಲಿ" ಅಂತ ಮೇಸ್ತ್ರಿ ಒಂದು ಬಾಂಡ್ಲಿ ಸಿಮೆಂಟ್ ಸೇರಿಸಿದರೆ ಮಾಡಿದ್ದೆಲ್ಲ ವ್ಯರ್ಥ. ಇದನ್ನು ಮೊದಲ ದಿನವೇ ಹೇಳಿಬಿಡಬೇಕು.

ಗೋಡೆ ಕೆರೆಯುವ ಮೊದಲು ಒಂದು ಮೂಲೆಯಲ್ಲಿ ನಿಧಾನಕ್ಕೆ ಪದರ ತೆಗೆದು ನೋಡುವುದು ಒಳ್ಳೆಯದು. ಕೆಲವು ಮನೆಗಳಲ್ಲಿ ಸುಣ್ಣದ ಪದರಗಳ ಅಡಿಯಲ್ಲಿ ಕಾವಿ ಕಲೆಯ ಚಿತ್ತಾರ ಇರಬಹುದು. ಕೆಂಪು ಪದರವನ್ನು ಕೆರೆದು ಬಿಳಿ ಕಾಣಿಸುವ ಈ ಕೆಲಸ ಕೊಂಕಣ ತೀರದ ದೇವಸ್ಥಾನ, ಮನೆಗಳಲ್ಲಿ ಇತ್ತು. ಒಮ್ಮೆ ಕೆರೆದು ಹೋದರೆ ಮತ್ತೆ ಬರುವುದಿಲ್ಲ.

ಬುಡ ಮತ್ತು ಅಂಗಳ

ಹೊಸದಾಗಿ ಅಂಗಳಕ್ಕೆ ಇಂಟರ್‌ಲಾಕ್ ಅಥವಾ ಕಾಂಕ್ರೀಟ್ ಹಾಕಿದ ಮೇಲೆ ಗೋಡೆಯ ಬುಡಕ್ಕೆ ತೇವ ಏರಿತು ಎಂಬ ದೂರು ಅನೇಕ ಕಡೆ ಇದೆ. ಮಣ್ಣಿನ ಅಂಗಳದಲ್ಲಿ ಹಬೆಯಾಗಿ ಹೋಗುತ್ತಿದ್ದ ತೇವ ಈಗ ಗೋಡೆಯನ್ನೇ ಹುಡುಕುತ್ತದೆ. ಅಂಗಳದ ಮಟ್ಟ ನಾಲ್ಕು ಇಂಚು ಏರಿದರೆ ಜಗಲಿಯ ಎತ್ತರ ಅಷ್ಟು ಕಡಿಮೆಯಾಯಿತು ಅಂತಲೇ ಲೆಕ್ಕ. ಹಾಕಲೇಬೇಕು ಅಂತಿದ್ದರೆ ಗೋಡೆಯಿಂದ ಎರಡು ಅಡಿ ಬಿಟ್ಟು ಹಾಕಿ, ಆ ಜಾಗದಲ್ಲಿ ಜಲ್ಲಿ ತುಂಬಿದ ಚರಂಡಿ ಮಾಡಿ ನೀರನ್ನು ಹೊರಗೆ ಬಿಡಬೇಕು.

ಒಳಗಿನ ನೆಲ ಕಾವಿ ನೆಲವಾಗಿದ್ದರೆ ಟೈಲ್ಸ್ ಹಾಕುವ ಮುನ್ನ ಒಮ್ಮೆ ಯೋಚಿಸಬೇಕು. ಬಿರುಕು ಬಿಟ್ಟ ಭಾಗವನ್ನು ಮಾತ್ರ ತೆಗೆದು ಕಾವಿ ಪುಡಿ ಸೇರಿಸಿ ಮತ್ತೆ ಉಜ್ಜಿ ಹೊಳಪು ತರುವ ಕೆಲಸಗಾರರು ಇನ್ನೂ ಇದ್ದಾರೆ. ಬಣ್ಣ ಪೂರ್ತಿ ಹೊಂದುವುದಿಲ್ಲ ನಿಜ. ತೇಪೆ ಕಂಡರೆ ಕಾಣಲಿ, ಹಳೇ ಮನೆಗೆ ಅದೇನೂ ಅವಮಾನ ಅಲ್ಲ.

ಇವತ್ತಿನ ಬದುಕಿಗೆ ಬೇಕಾದ್ದು

ವಾಸಕ್ಕೆ ಅನುಕೂಲ ಇಲ್ಲದ ಮನೆಯನ್ನು ಯಾರೂ ಉಳಿಸಿಕೊಳ್ಳುವುದಿಲ್ಲ. ಮನೆಯ ಹೆಂಗಸರು "ಈ ಮನೆ ಬೇಡ" ಅಂದರೆ ಅದಕ್ಕೆ ಕಾರಣ ಬಹಳ ಸಲ ಕತ್ತಲೆಯ ಅಡುಗೆಮನೆ ಮತ್ತು ಅಂಗಳದಾಚೆಯ ಬಚ್ಚಲು. ಮಳೆಯಲ್ಲಿ ರಾತ್ರಿ ಹೊರಗೆ ಹೋಗಬೇಕಾದ ವಯಸ್ಸಾದವರ ಕಷ್ಟಕ್ಕೆ ಪರಂಪರೆಯ ಹೆಸರಲ್ಲಿ ಕಣ್ಣು ಮುಚ್ಚುವಂತಿಲ್ಲ. ದುರಸ್ತಿಯ ಪಟ್ಟಿಯಲ್ಲಿ ಇವೆರಡು ಚಾವಡಿಯ ಕೆತ್ತನೆಗಿಂತ ಮೇಲಿರಬೇಕು.

ಬಚ್ಚಲು, ಶೌಚಾಲಯವನ್ನು ಮನೆಯ ಹಿಂಬದಿಗೆ ತಾಗಿ, ಪ್ರತ್ಯೇಕ ಅಡಿಪಾಯದಲ್ಲಿ ಕಟ್ಟಿ ನಡುವೆ ಮುಚ್ಚಿದ ಓಣಿ ಕೊಟ್ಟರೆ ಹಳೇ ಗೋಡೆಗೆ ತೇವ ಬರುವುದಿಲ್ಲ. ಮಾಳಿಗೆಯ ಮುಚ್ಚಿಗೆ ಮೇಲೆ ಕಾಂಕ್ರೀಟ್ ಹಾಕಿ ಬಾತ್‌ರೂಮ್ ಮಾಡುವುದು ಅಪಾಯ. ಕೆಳಗಿನ ಮರಕ್ಕೆ ಆ ಭಾರವೂ ಬೇಡ, ಸೋರಿಕೆಯೂ ಬೇಡ. ಬೆಳಕಿಗೆ ಗೋಡೆ ಒಡೆಯುವ ಬದಲು ಮಾಡಿನಲ್ಲಿ ನಾಲ್ಕು ಗಾಜಿನ ಹೆಂಚು ಹಾಕಿದರೆ ಅಡುಗೆಮನೆಯ ಕತ್ತಲೆ ಹೋಗುತ್ತದೆ.

ವಿದ್ಯುತ್ ವಿಷಯದಲ್ಲಿ ಮಾತ್ರ ಹಳೇದನ್ನು ಉಳಿಸಿಕೊಳ್ಳುವ ಮೋಹ ಇರಲೇಬಾರದು. ಮರದ ಪಟ್ಟಿಯ ಮೇಲೆ ಹೊಡೆದ ಹಳೇ ವಯರು, ಇಲಿ ಕಡಿದ ಜೋಡಣೆ, ಪಕ್ಕದಲ್ಲೇ ಒಣ ಮರ. ಬೆಂಕಿಗೆ ಇದಕ್ಕಿಂತ ಹೆಚ್ಚೇನೂ ಬೇಡ. ವಯರಿಂಗ್ ಪೂರ್ತಿ ಹೊಸದಾಗಬೇಕು, ಅರ್ಥಿಂಗ್ ಸರಿ ಇರಬೇಕು, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಬೇಕು. ಮುರಕಲ್ಲಿನ ಗೋಡೆ ಕೊರೆಯದೆ, ಮರದ ಅಂಚಿಗೆ ಪೈಪ್ ಓಡಿಸಿದರೆ ಆಯಿತು. ಸಿಡಿಲು ಹೆಚ್ಚಿರುವ ಜಾಗದಲ್ಲಿ ಸಿಡಿಲು ನಿರೋಧಕವೂ ಬೇಕು.

ಪಾಲು, ಕಾಗದ, ಕಾನೂನು

ಜಿಲ್ಲೆಯಲ್ಲಿ ಹಳೇ ಮನೆಗಳು ಬೀಳುತ್ತಿರುವುದು ಗೆದ್ದಲಿಗಿಂತ ಹೆಚ್ಚಾಗಿ ಪಾಲಿನ ತಕರಾರಿನಿಂದ. ಅಳಿಯಸಂತಾನದ ಕುಟುಂಬಗಳಲ್ಲಿ ಕವಲುಗಳು ಹೆಚ್ಚು. ಒಂದೊಂದು ಮನೆಗೆ ನಲವತ್ತು, ಐವತ್ತು ಹಕ್ಕುದಾರರು. ಊರಲ್ಲಿರುವವರು ಖರ್ಚು ಮಾಡಿದರೆ "ಮನೆ ಹೊಡ್ಕೊಳ್ಳುವ ಯೋಚನೆ" ಎಂಬ ಸಂಶಯ, ಮಾಡದಿದ್ದರೆ "ಮನೆ ಬೀಳಿಸಿದರು" ಎಂಬ ಮಾತು. ನೇಮಕ್ಕೆ ಎಲ್ಲರೂ ಬರುತ್ತಾರೆ, ಹೆಂಚಿನ ಲೆಕ್ಕಕ್ಕೆ ಯಾರೂ ಸಿಗುವುದಿಲ್ಲ. ಹಾಗಾಗಿ ದೈವದ ಚಾವಡಿ ಮಾತ್ರ ಹೊಸದಾಗಿ ಹೊಳೆಯುತ್ತ, ತಾಗಿದ ಮನೆ ಕುಸಿಯುತ್ತಿರುವ ದೃಶ್ಯ ಅಪರೂಪವಲ್ಲ.

ಇದಕ್ಕೆ ದಾರಿ ಎಂದರೆ ಮೊದಲೇ ಬರೆದುಕೊಳ್ಳುವುದು. ಕುಟುಂಬದ ಟ್ರಸ್ಟ್ ಮಾಡಿ ಮನೆಯನ್ನು ಅದರ ಹೆಸರಿಗೆ ತರುವುದು ಒಂದು ಕ್ರಮ. ಅಷ್ಟು ಆಗದಿದ್ದರೆ, ಖರ್ಚು ಮಾಡಿದ್ದರಿಂದ ಹೆಚ್ಚಿನ ಹಕ್ಕು ಬರುವುದಿಲ್ಲ, ವಾಸ ಇರುವವರನ್ನು ಎಬ್ಬಿಸುವುದೂ ಇಲ್ಲ ಎಂಬ ಒಪ್ಪಂದವನ್ನು ವಕೀಲರ ಮೂಲಕ ಮಾಡಿಕೊಳ್ಳಬಹುದು. ಲೆಕ್ಕವನ್ನು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬಿಲ್ ಸಮೇತ ಹಾಕಿದರೆ ಅರ್ಧ ಸಂಶಯ ಅಲ್ಲೇ ಕರಗುತ್ತದೆ.

ಖಾಸಗಿ ಹಳೇ ಮನೆಯ ದುರಸ್ತಿಗೆ ಸಾಮಾನ್ಯವಾಗಿ ಪುರಾತತ್ವ ಇಲಾಖೆಯ ಅನುಮತಿ ಬೇಕಾಗಿಲ್ಲ. ಆದರೆ ಕಾರ್ಕಳದ ಗೊಮ್ಮಟನಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಹತ್ತಿರ ಮನೆ ಇದ್ದರೆ ಲೆಕ್ಕ ಬೇರೆ. 1958ರ ಪ್ರಾಚೀನ ಸ್ಮಾರಕ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿ ಪ್ರಕಾರ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಹೊಸದಾಗಿ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಅಂಥಲ್ಲಿ ಹಳೇ ಮನೆ ಕೆಡವಿದರೆ ಆ ಜಾಗದಲ್ಲಿ ಮತ್ತೆ ಕಟ್ಟಲು ಆಗದೆ ಕೂರಬೇಕಾದೀತು. ಕಡಲು, ಅಳಿವೆ ಬದಿಯ ಮನೆಗಳಿಗೆ ಸಿಆರ್‌ಝಡ್ ನಿಯಮವೂ ಇದೆ. ದುರಸ್ತಿಗೆ ಸ್ವಂತ ಜಾಗದ ಮರ ಕಡಿಯುವುದಿದ್ದರೂ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ಮನೆ ಖಾಲಿ ಇದೆ ಅಂತ ಗೊತ್ತಾದ ಕೂಡಲೇ ಕಂಬ, ಬಾಗಿಲು, ದೀಪ ಕೇಳಿಕೊಂಡು ವ್ಯಾಪಾರಿಗಳು ಬರುತ್ತಾರೆ. 1972ರ ಕಾಯ್ದೆಯಂತೆ ನೂರು ವರ್ಷಕ್ಕಿಂತ ಹಳೆಯ ಶಿಲ್ಪ, ಕೆತ್ತನೆ, ಕರಕುಶಲ ವಸ್ತುಗಳು, 75 ವರ್ಷಕ್ಕಿಂತ ಹಳೆಯ, ಮಹತ್ವದ ಹಸ್ತಪ್ರತಿಗಳು ಪುರಾವಸ್ತುಗಳ ಸಾಲಿಗೆ ಬರುತ್ತವೆ. ಅವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವುದು ಅಪರಾಧ. ಅಟ್ಟದ ಪೆಟ್ಟಿಗೆಯಲ್ಲಿರುವ ಕಡತ, ತಾಳೆಗರಿಗಳನ್ನು ಗುಜರಿಗೆ ಹಾಕುವ ಮೊದಲು ಯಾರಿಗಾದರೂ ಓದಿಸಿ ನೋಡುವುದು ಒಳಿತು.

ಯಾವಾಗ, ಯಾವ ಕ್ರಮದಲ್ಲಿ

ತುಳುನಾಡಿನಲ್ಲಿ ಮೇ 24ರ ಆಸುಪಾಸು ಬರುವ ಪತ್ತನಾಜೆಗೆ ಕೋಲ, ಆಟಗಳೆಲ್ಲ ನಿಲ್ಲುತ್ತವೆ. ಮನೆ ಕೆಲಸಕ್ಕೂ ಅದೇ ಗಡುವು. ದೀಪಾವಳಿ ಬಳಿಕ ಮಾಡು, ಮರದ ಕೆಲಸ. ಹೆಂಚು ಏರಿದ ಮೇಲೆ ಬುಡ, ಚರಂಡಿ. ಆಮೇಲೆ ವಯರಿಂಗ್, ನೀರಿನ ಪೈಪ್. ಗೋಡೆ ಒಣಗಿದ ಮೇಲೆ ಸುಣ್ಣದ ಗಾರೆ. ಕೊನೆಗೆ ನೆಲ, ಬಣ್ಣ. ಒಂದೇ ವರ್ಷದಲ್ಲಿ ಎಲ್ಲ ಮುಗಿಸಬೇಕು ಅಂತೇನಿಲ್ಲ. ಮೂರು ಬೇಸಿಗೆಗೆ ಹಂಚಿದರೆ ಸಾಲವೂ ಕಡಿಮೆ, ಕೆಲಸವೂ ಗಟ್ಟಿ. ಗುತ್ತಿಗೆ ಒಟ್ಟಿಗೆ ಕೊಡುವ ಬದಲು ಮೊದಲು ಒಂದು ಕೋಣೆ, ಒಂದು ಬದಿಯ ಮಾಡು ಮಾಡಿಸಿ ಕೈ ನೋಡಬೇಕು. ಪಡುವಣ ಗೋಡೆಗೆ ಮಳೆ ನೇರ ಹೊಡೆಯುತ್ತದೆ. ಹಿಂದೆ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಈಗ ಅಡಿಕೆಯ ಸೋಗೆ ಸಿಗದಿದ್ದರೆ ನೆಟ್ ಕಟ್ಟಿದರೂ ನಡೆಯುತ್ತದೆ.

ಉಳಿಸಲು ಆಗದಿದ್ದರೆ

ಎಲ್ಲ ಮನೆಯನ್ನೂ ಉಳಿಸಲು ಆಗುವುದಿಲ್ಲ. ಮಾಡು ಪೂರ್ತಿ ಕುಸಿದು ಗೋಡೆ ನಾಲ್ಕೈದು ಮಳೆಗಾಲ ಬರಿದೇ ನೆನೆದಿದ್ದರೆ, ಇರುವವರು ಯಾರೂ ಇಲ್ಲದಿದ್ದರೆ, ಬಿಚ್ಚುವುದೇ ದಾರಿ. ಆಗಲೂ ಕೆಡವುವುದು ಬೇರೆ, ಬಿಚ್ಚುವುದು ಬೇರೆ. ಪ್ರತಿ ಮರಕ್ಕೂ ನಂಬರ್ ಬರೆದು, ಫೋಟೋ ತೆಗೆದು, ನಕ್ಷೆಯಲ್ಲಿ ಅದೇ ನಂಬರ್ ಹಾಕಿ ಕಟ್ಟಿದ ಕ್ರಮಕ್ಕೆ ಉಲ್ಟಾ ಬಿಚ್ಚಿದರೆ ಮನೆ ಮತ್ತೊಂದು ಕಡೆ ನಿಲ್ಲಬಹುದು.

ಇದು ಕಥೆಯಲ್ಲ ಎಂಬುದಕ್ಕೆ ಸಾಕ್ಷಿ ಮಣಿಪಾಲದಲ್ಲೇ ಇದೆ. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಬೀಳುವ ಹಂತದಲ್ಲಿದ್ದ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ಮರಳಿ ಜೋಡಿಸಿದರು. ಕುಂಜೂರಿನ ಚೌಕಿ ಮನೆ, ಮಿಯಾರಿನ ಮನೆ, ಕುಕನೂರಿನ ಕಮಲ ಮಹಲ್, ಮುಧೋಳದ ಅರಮನೆಯ ಭಾಗ ಎಲ್ಲ ಅಲ್ಲಿ ಒಂದೇ ಆವರಣದಲ್ಲಿವೆ. ಶೆಣೈ 2017ರಲ್ಲಿ ತೀರಿಕೊಂಡರು. ಮನೆ ದುರಸ್ತಿಗೆ ಹೊರಟವರು ಅಲ್ಲಿಗೆ ಒಮ್ಮೆ ಆಚಾರಿಯನ್ನೂ ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಿ ಜೋಡಣೆ ತೋರಿಸಿದರೆ ಬಹಳ ಮಾತು ಉಳಿಯುತ್ತದೆ. ಮಂಗಳೂರಿನ ಬಲ್ಲಾಳ್‌ಬಾಗ್‌ನ ಕೊಡಿಯಾಲ್‌ಗುತ್ತು ಮನೆ ಇನ್ನೊಂದು ಮಾದರಿ. ಅದನ್ನು ಎಲ್ಲಿಗೂ ಸಾಗಿಸಿಲ್ಲ, ಇದ್ದಲ್ಲೇ ಕಲೆ, ಸಂಸ್ಕೃತಿಯ ಕೇಂದ್ರವಾಗಿ ಇಂಟ್ಯಾಕ್ ಮಂಗಳೂರು ಘಟಕದ ಚಟುವಟಿಕೆಗಳು ಅಲ್ಲಿ ನಡೆಯುತ್ತವೆ. ಪಿಲಿಕುಳದಲ್ಲಿ ಗುತ್ತಿನ ಮನೆಯ ಮಾದರಿಯನ್ನೇ ಹೊಸದಾಗಿ ಕಟ್ಟಲಾಗಿದೆ.

ಆದರೂ ಸಾಗಿಸಿದ ಮನೆಗೆ ಅದರ ಅಂಗಳ, ಬಾವಿ, ಗದ್ದೆ ಇರುವುದಿಲ್ಲ. ಇದ್ದಲ್ಲೇ ಉಳಿದ ಸಣ್ಣ ಮನೆ, ಅದರಲ್ಲಿ ಸಂಜೆ ಹೊತ್ತಿಸುವ ಒಂದು ದೀಪ, ಅದರ ಬೆಲೆಯೇ ಬೇರೆ. ಈ ಮಳೆಗಾಲದಲ್ಲಿ ಹಳೇ ಮನೆ ಇರುವವರು ಮಾಡಬೇಕಾದ್ದು ಇಷ್ಟೇ: ಜೋರು ಮಳೆ ಬರುವ ದಿನ ಕೊಡೆ ಹಿಡಿದು ಒಮ್ಮೆ ಮನೆಗೆ ಸುತ್ತು ಬರುವುದು, ಅಟ್ಟ ಹತ್ತಿ ನೋಡುವುದು, ಜಾರಿದ ಹೆಂಚು ಇದ್ದರೆ ಅವತ್ತೇ ಸರಿ ಮಾಡಿಸುವುದು. ಉಳಿದದ್ದನ್ನು ದೀಪಾವಳಿ ಕಳೆದ ಮೇಲೆ ಕೂತು ಮಾತಾಡಬಹುದು.